ಕರೆಂಟ್ ಬಿಲ್ಲು ಅಮ್ಮನ ಹೆಸರಲ್ಲಿದೆ

ಇವತ್ತು ಮೂರನೇ ಸಲ ಮನೆಯ ಕರೆಂಟ್ ಬಿಲ್ಲನ್ನು ಸ್ಕ್ಯಾನ್ ಮಾಡಿಟ್ಟೆ. ಕಂಪನಿ ನೋಂದಣಿಗೆ ವಿಳಾಸದ ಪುರಾವೆಯಾಗಿ ಕೊಡುವ ಬಿಲ್ಲು ಎರಡು ತಿಂಗಳಿಗಿಂತ ಹಳೆಯದಾಗಿರಬಾರದು. ನಮ್ಮ ಮಾತುಕತೆ ಮುಗಿಯುವಷ್ಟರಲ್ಲಿ ಬಿಲ್ಲು ಹಳತಾಗಿರುತ್ತದೆ.

ವಿಷಯ ಇಷ್ಟೇ. ಓಪನ್‌ಸ್ಟ್ರೀಟ್‌ಮ್ಯಾಪ್ ಅಂದರೆ ಯಾರು ಬೇಕಾದರೂ ಸೇರಿಸಿ ತಿದ್ದಬಹುದಾದ, ಇಡೀ ಜಗತ್ತಿನ ಉಚಿತ ಆನ್‌ಲೈನ್ ನಕ್ಷೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ರಸ್ತೆ, ಕೆರೆ, ಬಸ್‌ಸ್ಟಾಪು ಗುರುತು ಹಾಕುವ ನಾವೊಂದಷ್ಟು ಜನ ಸೇರಿ ಭಾರತಕ್ಕೊಂದು ಲಾಭರಹಿತ ಸಂಸ್ಥೆ ಮಾಡೋಣ, ಆಮೇಲೆ ಓಪನ್‌ಸ್ಟ್ರೀಟ್‌ಮ್ಯಾಪ್ ಫೌಂಡೇಶನ್ (ಆ ನಕ್ಷೆಯನ್ನು ನೋಡಿಕೊಳ್ಳುವ ಸಂಸ್ಥೆ) ಜೊತೆ ಒಪ್ಪಂದ ಮಾಡಿಕೊಂಡು ಅದರ ಲೋಕಲ್ ಚಾಪ್ಟರ್, ಅಂದರೆ ಇಲ್ಲಿನ ಅಧಿಕೃತ ಘಟಕ, ಆಗೋಣ ಅಂತ ಹೊರಟಿದ್ದೇವೆ. ನಾನು ಮೈಸೂರಲ್ಲಿ ಕೂತು ಊರ ಹೆಸರುಗಳನ್ನು ಕನ್ನಡದಲ್ಲಿ ತುಂಬುವವಳು. ಹಿಂದೆ ನಾಲ್ಕು ವರ್ಷ ಆಡಿಟರ್ ಆಫೀಸಲ್ಲಿ ಕೆಲಸ ಮಾಡಿದ್ದೆ ಅಂತ ಒಂದು ದಿನ ಬಾಯಿಬಿಟ್ಟೆ. ಕಾಗದಪತ್ರವೆಲ್ಲ ನನ್ನ ತಲೆಗೆ ಬಂತು.

ಸಂಸ್ಥೆ ಯಾಕೆ ಬೇಕು ಅಂದರೆ, ಒಂದು ಕಾಲೇಜಿನವರು ಎರಡು ದಿನದ ಮ್ಯಾಪಿಂಗ್ ಕಮ್ಮಟಕ್ಕೆ ಹತ್ತು ಸಾವಿರ ಕೊಡಲು ಸಿದ್ಧವಾಗಿದ್ದರು. ಚೆಕ್ ಯಾರ ಹೆಸರಿಗೆ ಬರೆಯೋಣ ಅಂದರು. ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ. ಕಮ್ಮಟ ನಡೆಯಿತು, ಊಟದ ಖರ್ಚು ನಮ್ಮ ಜೇಬಿಂದಲೇ ಹೋಯಿತು. ಇನ್ನೊಂದು ಕಾರಣವೂ ಇದೆ. 2021ರ ಫೆಬ್ರವರಿಯಲ್ಲಿ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಹೊರಡಿಸಿದ ಮಾರ್ಗಸೂಚಿಯಲ್ಲಿ, ಒಂದು ಮೀಟರಿಗಿಂತ ನಿಖರವಾದ ನಕ್ಷೆ ಮಾಡುವ ಅವಕಾಶ ಇರುವುದು ಭಾರತೀಯರಿಗೆ, ಭಾರತೀಯ ಸಂಸ್ಥೆಗಳಿಗೆ. ಯಾವತ್ತೋ ಒಂದು ದಿನ ಒಂದು ನಗರಪಾಲಿಕೆ ಒಳ್ಳೆಯ ದತ್ತಾಂಶ ಕೊಡುತ್ತೇನೆ ಅಂದರೆ, ಪತ್ರಕ್ಕೆ ಸಹಿ ಹಾಕಲು ಒಂದು ಭಾರತೀಯ ಸಂಸ್ಥೆಯಾದರೂ ಇರಬೇಕಲ್ಲ?

ಮೊದಲು ಸಂಘ ಅಂದುಕೊಂಡೆವು. ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಏಳು ಜನ ಸಾಕು. ಆದರೆ ಕೊಚ್ಚಿಯವರಿಗೂ ಹೈದರಾಬಾದಿನವರಿಗೂ ಇಲ್ಲಿನ ಸಂಘ ನಮ್ಮದು ಅನಿಸೀತೇ? ಹಾಗಾಗಿ ಸೆಕ್ಷನ್ 8 ಕಂಪನಿ, ಅಂದರೆ ಲಾಭ ಹಂಚಿಕೊಳ್ಳದ ಕಂಪನಿ, ಅದರ ಕಡೆ ತಿರುಗಿದೆವು. ಕಂಪನಿ ಕಾಯ್ದೆ ಕೇಂದ್ರದ್ದು. ಪ್ರೈವೇಟ್ ಆದರೆ ಇಬ್ಬರೇ ಸಾಕು. ಪ್ರತಿ ವರ್ಷ ಆಡಿಟ್, ರಿಟರ್ನ್ಸ್ ತಪ್ಪಿದ್ದಲ್ಲ, ವರಮಾನ ಸೊನ್ನೆ ಇದ್ದರೂ. ಇದನ್ನು ಹೇಳಿದಾಗ ವಿಡಿಯೋ ಕಾಲ್‌ನಲ್ಲಿದ್ದ ಒಂಬತ್ತು ಜನರಲ್ಲಿ ಮೂವರು ಚಹಾ ತರಲು ಹೋದವರು ಮರಳಲಿಲ್ಲ.

ಉಳಿದವರ ಹತ್ತಿರ ಪ್ಯಾನ್, ಆಧಾರ್, ಫೋಟೊ ಕೇಳಿದೆ. ವರ್ಷಗಟ್ಟಲೆ ಜೊತೆಗೆ ಕೆಲಸ ಮಾಡಿದವರು, ಆದರೆ ನನಗೆ ಗೊತ್ತಿದ್ದದ್ದು ಅವರ ಯೂಸರ್‌ನೇಮ್ ಅಷ್ಟೇ. ನಾನು ತಪ್ಪಾಗಿ ಎಳೆದ ನಾಲೆಯನ್ನು ರಾತ್ರಿ ಎರಡಕ್ಕೆ ಸರಿಮಾಡಿದವರು ಯಾರು, ಏನು ಕೆಲಸ, ನನಗೇಕೆ ಬೇಕಿತ್ತು? ಈಗ ಫಾರಂ ಅವರ ತಂದೆಯ ಹೆಸರು ಕೇಳುತ್ತದೆ. ಜಿಲ್ಲೆಯ ಬಸ್‌ಸ್ಟಾಪುಗಳನ್ನು ಒಂದೂ ಬಿಡದೆ ಹಾಕಿದವರೊಬ್ಬರು, "ಮೇಡಂ, ನಾನು ಸರ್ಕಾರಿ ನೌಕರ, ಇಲಾಖೆಗೆ ಹೇಳದೆ ಹೆಸರು ಕೊಡೋ ಹಾಗಿಲ್ಲ" ಅಂದರು. ಅವರೇ ಡೈರೆಕ್ಟರ್ ಆಗಲಿ ಅಂತ ನಾನು ಮನಸ್ಸಲ್ಲೇ ಎಣಿಸಿಟ್ಟಿದ್ದೆ.

ಹೆಸರಿನದು ಇನ್ನೊಂದು ಕಥೆ. ಸೆಕ್ಷನ್ 8 ಕಂಪನಿಯ ಹೆಸರಲ್ಲಿ ಫೌಂಡೇಶನ್, ಫೋರಂ, ಅಸೋಸಿಯೇಶನ್ ಥರದ ಒಂದು ಪದ ಇರಲೇಬೇಕು. ‘ನ್ಯಾಷನಲ್’ ಅಂತ ಹಾಕಬೇಕಾದರೆ ಕೇಂದ್ರದ ಅನುಮತಿ ಬೇಕು. ‘ಓಪನ್‌ಸ್ಟ್ರೀಟ್‌ಮ್ಯಾಪ್’ ಅಂತ ಹಾಕಬೇಕಾದರೆ ಅದು ಫೌಂಡೇಶನ್ನಿನ ಟ್ರೇಡ್‌ಮಾರ್ಕ್, ಅವರ ಒಪ್ಪಿಗೆ ಬೇಕು. ಒಪ್ಪಿಗೆ ಕೇಳಲು ಸಂಸ್ಥೆ ಬೇಕೋ, ಸಂಸ್ಥೆ ಮಾಡಲು ಒಪ್ಪಿಗೆ ಬೇಕೋ ಅಂತ ಒಂದು ಭಾನುವಾರ ಪೂರ್ತಿ ಚರ್ಚೆ ಆಯಿತು. ಇನ್ನು ಫೌಂಡೇಶನ್ನಿನಿಂದ ಹಣ ಬರುತ್ತದೆ ಅಂತ ಕನಸು ಕಂಡವರಿಗೆ ನಾನೇ ತಣ್ಣೀರು ಎರಚಿದೆ. ಅದು 2006ರಲ್ಲಿ ಇಂಗ್ಲೆಂಡಿನಲ್ಲಿ ನೋಂದಣಿಯಾದದ್ದು, ಅವರು ಕೊಟ್ಟರೆ ವಿದೇಶಿ ವಂತಿಗೆ. ಅಂಥ ವಂತಿಗೆಗಿರುವ ಕಾಯ್ದೆ ಎಫ್‌ಸಿಆರ್‌ಎ. ಅದರಡಿ ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ಖರ್ಚು ಮಾಡಿರಬೇಕು. ಹತ್ತು ಸಾವಿರದ ಚೆಕ್ಕಿಗೆ ಹೆಸರಿಲ್ಲದವರು ನಾವು.

ಕೊನೆಗೆ ವಿಳಾಸ. ನೋಂದಾಯಿತ ಕಚೇರಿ ಅಂತ ಒಂದು ಇರಬೇಕು. ಬಾಡಿಗೆ ಮನೆಯವರೆಲ್ಲ ಸುಮ್ಮನಾದರು. ನಮ್ಮದು ಸ್ವಂತ ಮನೆ, ಆದರೆ ಖಾತೆ ಅಮ್ಮನ ಹೆಸರಲ್ಲಿದೆ. ಅಮ್ಮನ ಹತ್ತಿರ ಎನ್‌ಒಸಿಗೆ ಸಹಿ ಕೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಾ ಕೇಳಿದ್ದು ಒಂದೇ ಪ್ರಶ್ನೆ:

"ನೋಟಿಸು ಗೀಟಿಸು ಬಂದ್ರೆ ಇಲ್ಲಿಗೇ ತಾನೇ ಬರೋದು?"

ನಮ್ಮ ಗುಂಪಿನಲ್ಲಿ ಯಾರೂ ಜೋರಾಗಿ ಕೇಳದ ಪ್ರಶ್ನೆ ಅದು. ಓಪನ್‌ಸ್ಟ್ರೀಟ್‌ಮ್ಯಾಪ್ ಗಡಿಗಳನ್ನು ನೆಲದ ಮೇಲೆ ಯಾರ ಹಿಡಿತ ಇದೆಯೋ ಹಾಗೆ ಎಳೆಯುತ್ತದೆ. ನಮ್ಮ 1961ರ ಕ್ರಿಮಿನಲ್ ಕಾನೂನು ತಿದ್ದುಪಡಿ ಕಾಯ್ದೆ, ಸರ್ವೆ ಆಫ್ ಇಂಡಿಯಾದ ನಕ್ಷೆಗೆ ಹೊಂದದ ಭಾರತದ ನಕ್ಷೆ ಪ್ರಕಟಿಸಿದರೆ ಆರು ತಿಂಗಳವರೆಗೆ ಜೈಲು ಅನ್ನುತ್ತದೆ. ಚಾಪ್ಟರ್‌ಗೆ ಆ ದತ್ತಾಂಶದ ಮೇಲೆ ಒಡೆತನವಿಲ್ಲ, ಸರ್ವರ್ ನಮ್ಮದಲ್ಲ, ಗಡಿ ಎಳೆದವರು ನಾವಲ್ಲ. ಇದೆಲ್ಲ ನಿಜ. ಅಮ್ಮನಿಗೂ ಹೇಳಿದೆ. "ಅವ್ರಿಗೆ ಸಿಗೋ ಅಡ್ರೆಸ್ಸು ಇದೊಂದೇ ತಾನೇ?" ಅಂದಳು. ಅವಳು ಓದಿದ್ದು ಎಸ್ಸೆಸ್ಸೆಲ್ಸಿ.

ಮುಂದಿನ ಕಾಲ್‌ನಲ್ಲಿ ಈ ಪ್ರಶ್ನೆಯನ್ನು ಹಾಗೇ ಇಟ್ಟೆ. ಒಬ್ಬರು, ಜರ್ಮನಿಯ ಫಾಸ್‌ಜಿಐಎಸ್, ಇಟಲಿಯ ವಿಕಿಮೀಡಿಯಾ ಇಟಾಲಿಯಾ ಮೊದಲೇ ಇದ್ದ ಸಂಸ್ಥೆಗಳು, ಅವೇ ಅಲ್ಲಿನ ಚಾಪ್ಟರ್; ನಾವೂ ಹಾಗೆ, ಮೊದಲೇ ಇರುವ ಯಾವುದಾದರೂ ಸಂಸ್ಥೆಯ ನೆರಳಲ್ಲಿ ಹೋಗೋಣ ಅಂದರು. ನನಗೆ ಅದು ಸರಿ ಅನಿಸುತ್ತಿದೆ. ಇನ್ನಿಬ್ಬರಿಗೆ ಬೇರೆಯವರ ಮನೆಯಲ್ಲಿ ಬಾಡಿಗೆಗಿದ್ದಂತೆ ಅನಿಸುತ್ತಿದೆ. ವಕೀಲರ ಅಭಿಪ್ರಾಯ ಕೇಳೋಣ ಅಂತ ತೀರ್ಮಾನವಾಯಿತು. ಫೀಸು ಯಾರು ಕೊಡುವುದು ಅನ್ನುವಲ್ಲಿಗೆ ಕಾಲ್ ಕಟ್ ಆಯಿತು.

ಅಮ್ಮ ಎನ್‌ಒಸಿಗೆ ಸಹಿ ಹಾಕಿ ಕೊಟ್ಟಿದ್ದಾಳೆ. ತಾರೀಖು ಮಾತ್ರ ಬರೆದಿಲ್ಲ. ಅದು ನನ್ನ ಮೇಜಿನ ಖಾನೆಯಲ್ಲಿ, ಮೂರು ಕರೆಂಟ್ ಬಿಲ್ಲುಗಳ ಮೇಲಿದೆ.