ಹೊತ್ತವರ ನಂಬಿಕೆ

ಭಾನುವಾರ, 9 ಮಾರ್ಚ್ 2025, ರಾತ್ರಿ

ಈಸ್ಟರಿಗೆ ಮುಂಚಿನ ಉಪವಾಸದ ಕಾಲವಾದ ಲೆಂಟಿನ ಮೊದಲ ಭಾನುವಾರ. ಇವತ್ತಿನ ಪಾಠ ಲೂಕನ ಸುವಾರ್ತೆಯ ನಾಲ್ಕನೇ ಅಧ್ಯಾಯ, ಯೇಸು ಅಡವಿಯಲ್ಲಿ ಶೋಧನೆಗೆ ಒಳಗಾದ ಪ್ರಸಂಗ. ಕಲ್ಲನ್ನು ರೊಟ್ಟಿ ಮಾಡು, ನನಗೆ ಅಡ್ಡಬೀಳು, ದೇವಾಲಯದ ಶಿಖರದಿಂದ ಧುಮುಕು. ಎಷ್ಟೋ ಸಲ ಕೇಳಿದ್ದೇ. ಆದರೂ ಮೂರನೆಯ ಶೋಧನೆಯ ಹತ್ತಿರ ಬಂದಾಗ ನನ್ನ ಕಿವಿ ನೆಟ್ಟಗಾಗುತ್ತದೆ. ಅಲ್ಲಿ ಸೈತಾನ ಬಾಯಿಪಾಠ ಒಪ್ಪಿಸುವುದು 91ನೇ ಕೀರ್ತನೆಯನ್ನು: ದೇವದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುತ್ತಾರೆ, ನಿನ್ನ ಕಾಲು ಕಲ್ಲಿಗೆ ತಗಲುವುದಿಲ್ಲ.

ನಾನು ಎತ್ತರದಿಂದ ಬಿದ್ದವಳು. ಕಾಲು ಕಲ್ಲಿಗೆ ತಗಲಲಿಲ್ಲ, ಅಷ್ಟರ ಮಟ್ಟಿಗೆ ವಾಕ್ಯ ನೆರವೇರಿತು. ತಗಲಿದ್ದು ಕುತ್ತಿಗೆ.

ಆಸ್ಪತ್ರೆಯಲ್ಲಿದ್ದಾಗ ಯಾರೋ ಇದೇ ಕೀರ್ತನೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ ಹೋಗಿದ್ದರು. ತಲೆ ಆಚೀಚೆ ತಿರುಗಿಸುವ ಹಾಗಿರಲಿಲ್ಲವಾದ್ದರಿಂದ ಹಗಲೆಲ್ಲ ಅದನ್ನೇ ಓದಬೇಕಾಗಿತ್ತು. ಒಳ್ಳೆಯ ಮನಸ್ಸಿನಿಂದಲೇ ಅಂಟಿಸಿದ್ದು, ಸಂದೇಹವಿಲ್ಲ. ಆದರೆ ಬಿದ್ದಾದ ಮೇಲೆ ಆ ವಾಕ್ಯವನ್ನು ಹೇಗೆ ಓದಬೇಕು ಎಂದು ಅವರು ಹೇಳಿಕೊಡಲಿಲ್ಲ.

ಇವತ್ತು ಪಾಸ್ಟರ್ ಒಂದು ಮಾತು ಹೇಳಿದರು. ಯೇಸು ಆ ಕೀರ್ತನೆ ಸುಳ್ಳು ಎನ್ನುವುದಿಲ್ಲ; ಅದನ್ನು ಪರೀಕ್ಷೆಗೆ ಹಚ್ಚಲು ಮಾತ್ರ ಒಪ್ಪುವುದಿಲ್ಲ. ಧರ್ಮೋಪದೇಶಕಾಂಡದ ಒಂದೇ ಸಾಲು ಹೇಳಿ ಸುಮ್ಮನಾಗುತ್ತಾನೆ: ನಿನ್ನ ದೇವರನ್ನು ಪರೀಕ್ಷಿಸಬಾರದು. ನಾನು ಗಾಲಿಕುರ್ಚಿಯಲ್ಲಿ ಕೂತು ಯೋಚಿಸುತ್ತಿದ್ದೆ. ನನ್ನ ತಲೆಯ ಮೇಲೆ ಕೈಯಿಟ್ಟು, 'ಈಗಲೇ ಎದ್ದು ನಡೆ' ಎಂದು ಕೂಗುವವರು ಮಾಡುವುದೂ ಶಿಖರದಿಂದ ಧುಮುಕುವ ಕೆಲಸವೇ. ವ್ಯತ್ಯಾಸ ಇಷ್ಟೇ, ಅವರು ಧುಮುಕುವುದಿಲ್ಲ, ನನ್ನನ್ನು ತಳ್ಳುತ್ತಾರೆ.

ಆರಾಧನೆ ಮುಗಿದ ಮೇಲೆ ಅದೇ ಆಯಿತು. ಯಾರದೋ ಜೊತೆ ಬಂದಿದ್ದ ಹಿರಿಯರೊಬ್ಬರು ಹೆಸರು ಕೂಡ ಕೇಳದೆ ಹಣೆಯ ಮೇಲೆ ಕೈಯಿಟ್ಟರು. ಜೋರಾದ ಪ್ರಾರ್ಥನೆ. ಕೊನೆಗೆ, 'ನಂಬಿಕೆ ಇಟ್ಟರೆ ಆಗುತ್ತದಮ್ಮ' ಎಂದರು. ಆಗದಿದ್ದರೆ ತಪ್ಪು ಯಾರ ಕಡೆಗೆ ಎಂದು ಆ ವಾಕ್ಯದಲ್ಲೇ ಇದೆ. ಅವರು ಹೋಗುತ್ತಾರೆ, ಆ ವಾಕ್ಯ ನನ್ನ ಜೊತೆ ಮನೆಗೆ ಬರುತ್ತದೆ.

ಅಪೊಸ್ತಲನಾದ ಪೌಲ ಮೂರು ಸಲ ಬೇಡಿಕೊಂಡ, ಶರೀರದಲ್ಲಿ ನಾಟಿದ ಶೂಲ ಹೋಗಲಿಲ್ಲ, ಕೃಪೆ ಸಾಕು ಎಂಬ ಉತ್ತರ ಬಂತು. ಅವನಿಗೆ ನಂಬಿಕೆ ಕಡಿಮೆ ಇತ್ತು ಎಂದು ಯಾರೂ ಹೇಳುವುದಿಲ್ಲ, ನೋಡಿ.

ಈ ಪ್ರಾರ್ಥನೆಗಳ ವಿಷಯದಲ್ಲಿ ನಮ್ಮ ಮನೆಯಲ್ಲಿ ಒಂದು ಹಳೆಯ ಕಥೆ ಇದೆ. ಅದನ್ನು ಹೇಳುವ ಮುಂಚೆ ನನ್ನ ಶರೀರದ ಲೆಕ್ಕ ಹೇಳಬೇಕು. ಬೆನ್ನುಹುರಿಗೆ ಪೆಟ್ಟಾಗಿರುವುದು ಕುತ್ತಿಗೆಯ ಐದನೇ ಮಟ್ಟದಲ್ಲಿ. ಭುಜ ಏಳುತ್ತದೆ, ಮೊಣಕೈ ಮಡಚುತ್ತದೆ. ಮಣಿಕಟ್ಟಿನಿಂದ ಆಚೆಗೆ ನನ್ನ ಮಾತು ನಡೆಯುವುದಿಲ್ಲ. ಉಸಿರು ಎಳೆಯುವ ಮುಖ್ಯ ಸ್ನಾಯು ವಪೆ. ಅದರ ನರ ಕುತ್ತಿಗೆಯ 3, 4, 5ನೇ ಮಟ್ಟಗಳಿಂದ ಹೊರಡುತ್ತದೆ; ಪೆಟ್ಟಾದ ಜಾಗಕ್ಕಿಂತ ಮೇಲಿನವು ಉಳಿದಿರುವುದರಿಂದ ಯಂತ್ರದ ಸಹಾಯವಿಲ್ಲದೆ ಉಸಿರಾಡುತ್ತಿದ್ದೇನೆ. ಪಕ್ಕೆಲುಬುಗಳ ನಡುವಿನ ಸ್ನಾಯುಗಳು, ಹೊಟ್ಟೆಯ ಸ್ನಾಯುಗಳು ಮಾತ್ರ ಜೊತೆಗೂಡುವುದಿಲ್ಲ. ಹಾಗಾಗಿ ಕೆಮ್ಮಿಗೆ ಬಲವಿಲ್ಲ, ಹಾಡಿಗೆ ಉದ್ದವಿಲ್ಲ. ಸಭೆಯಲ್ಲಿ ಒಂದು ಸಾಲಿನ ಅರ್ಧಕ್ಕೆ ನನ್ನ ಉಸಿರು ಮುಗಿಯುತ್ತದೆ, ಉಳಿದರ್ಧ ಪಕ್ಕದಲ್ಲಿ ಕೂತವರು ಹಾಡಿ ಮುಗಿಸುತ್ತಾರೆ. ಮುಂದಿನ ಸಾಲಿಗೆ ನಾನು ಮತ್ತೆ ಸೇರಿಕೊಳ್ಳುತ್ತೇನೆ. ಈ ಏರ್ಪಾಡಿನ ಬಗ್ಗೆ ನನಗೆ ತಕರಾರಿಲ್ಲ.

ಇನ್ನೊಂದು ಉಪದ್ರವ ಇದೆ. ಎದೆಯ ಆರನೇ ಮಟ್ಟ ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿಗೆ ಪೆಟ್ಟಾದವರಿಗೆ ಬರುವಂಥದ್ದು, ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ. ಮೂತ್ರಕೋಶ ತುಂಬಿದರೆ, ಮಲ ಕಟ್ಟಿಕೊಂಡರೆ, ಬಟ್ಟೆ ಎಲ್ಲೋ ಬಿಗಿಯಾದರೆ ಸಾಕು. ನನಗೆ ನೋವು ಗೊತ್ತಾಗುವುದಿಲ್ಲ, ಆದರೆ ಶರೀರಕ್ಕೆ ಗೊತ್ತಾಗುತ್ತದೆ. ಕೆಳಗಿನಿಂದ ಹೊರಟ ಕೂಗಿಗೆ ರಕ್ತನಾಳಗಳು ಬಿಗಿದುಕೊಂಡು ರಕ್ತದೊತ್ತಡ ಸರ್ರನೆ ಏರುತ್ತದೆ; ಮಿದುಳು ಅದನ್ನು ತಗ್ಗಿಸಲು ಕಳಿಸುವ ಆದೇಶ ಪೆಟ್ಟಾದ ಜಾಗ ದಾಟಿ ಕೆಳಗೆ ಇಳಿಯುವುದಿಲ್ಲ. ತಲೆ ಸಿಡಿಯುತ್ತದೆ, ಮುಖ ಕೆಂಪೇರುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ, ರೋಮ ನಿಮಿರುತ್ತವೆ. ತಕ್ಷಣ ನೆಟ್ಟಗೆ ಕೂರಿಸಿ, ಬಟ್ಟೆ ಸಡಿಲಿಸಿ, ಕಾರಣ ಹುಡುಕಿ ತೆಗೆಯಬೇಕು. ತಡವಾದರೆ ಮಿದುಳಿನಲ್ಲಿ ರಕ್ತಸ್ರಾವವಾಗಿ ಜೀವಕ್ಕೇ ಸಂಚಕಾರ.

ಕಥೆ ಏನೆಂದರೆ, ಹಿಂದೊಮ್ಮೆ ಮನೆಗೆ ಪ್ರಾರ್ಥನಾ ತಂಡ ಬಂದಿತ್ತು. ಹಾಸಿಗೆಯ ಸುತ್ತ ನಿಂತು ಪ್ರಾರ್ಥಿಸುತ್ತಿದ್ದರು. ನನ್ನ ಮುಖ ಕೆಂಪಾಯಿತು, ಹಣೆಯಿಂದ ಬೆವರಿಳಿಯಿತು, ಕೈಯ ರೋಮವೆಲ್ಲ ಎದ್ದು ನಿಂತಿತು. 'ಆತ್ಮರು ಇಳಿದು ಬರ್ತಿದ್ದಾರೆ! ಸ್ತೋತ್ರ!' ಎಂದು ಒಬ್ಬರು ಕೂಗಿದರು, ಉಳಿದವರ ಧ್ವನಿಯೂ ಏರಿತು. ನನಗೆ ಮಾತಾಡಲು ಆಗುತ್ತಿಲ್ಲ. ಅಮ್ಮ ಎಲ್ಲರನ್ನೂ ಸರಿಸಿಕೊಂಡು ಒಳಗೆ ನುಗ್ಗಿದವಳೇ ಹೊದಿಕೆ ಎತ್ತಿ ನೋಡಿದಳು. ಪ್ರಾರ್ಥಿಸುತ್ತಿದ್ದವರೊಬ್ಬರು ಮಂಚದ ಅಂಚಿಗೆ ಮೊಣಕಾಲು ಊರಿದ್ದರು, ಅದರಡಿ ಮೂತ್ರ ಹೊರಗೆ ಹರಿಸುವ ಕ್ಯಾತಿಟರಿನ ಟ್ಯೂಬು ಸಿಕ್ಕಿಕೊಂಡಿತ್ತು. 'ಮೊಣಕಾಲು ತೆಗೀರಿ' ಎಂದಳು ಅಮ್ಮ. ಅಂದಿನ ಪ್ರಾರ್ಥನೆಗಳಲ್ಲಿ ನನಗೆ ನಾಟಿದ್ದು ಅದೊಂದೇ.

ಇದನ್ನು ನೆನೆದು ನಾವು ಈಗಲೂ ನಗುತ್ತೇವೆ. ಪವಿತ್ರಾತ್ಮರನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಅಂದು ಅವರು ಕೋಣೆಯಲ್ಲಿ ಇದ್ದದ್ದೇ ಆದರೆ ಹೊದಿಕೆ ಎತ್ತಿದ ಕೈಯ ಕಡೆಗೆ ಇದ್ದರು ಎಂದಷ್ಟೇ ನನ್ನ ಅಭಿಪ್ರಾಯ.

ನನ್ನ ನಂಬಿಕೆ ನಿಂತಿರುವುದು ಮಾರ್ಕನ ಎರಡನೇ ಅಧ್ಯಾಯದ ಮೇಲೆ. ಕಪೆರ್ನೌಮಿನಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತರುತ್ತಾರೆ. ಜನಜಂಗುಳಿ, ಒಳಗೆ ಹೋಗಲು ದಾರಿಯಿಲ್ಲ. ಮಾಳಿಗೆ ಹತ್ತಿ, ಚಾವಣಿ ಕಿತ್ತು, ಹಾಸಿಗೆ ಸಮೇತ ಕೆಳಗಿಳಿಸುತ್ತಾರೆ. ಯೇಸು ಅವರ ನಂಬಿಕೆಯನ್ನು ನೋಡಿದನು ಎಂದಿದೆ. ಆ ಅವರಲ್ಲಿ ಮಲಗಿದ್ದವನೂ ಸೇರಿರಬಹುದು ಎನ್ನುವವರಿದ್ದಾರೆ, ಇರಲಿ. ಅವನೊಬ್ಬನ ನಂಬಿಕೆ ಎಂದಂತೂ ಬರೆದಿಲ್ಲ. ಇಡೀ ಕಥೆಯಲ್ಲಿ ಆ ಮನುಷ್ಯ ಒಂದು ಮಾತೂ ಆಡುವುದಿಲ್ಲ. ಬರುವ ದಾರಿಯಲ್ಲಿ ಅವನು, 'ಬೇಡ, ನನ್ನನ್ನು ಮನೆಗೆ ಬಿಡಿ' ಎಂದು ಗೊಣಗುತ್ತಿದ್ದಿರಬಹುದು. ಚಾವಣಿಯ ಮಣ್ಣು ಮುಖಕ್ಕೆ ಉದುರಿ ಸಿಟ್ಟೂ ಬಂದಿರಬಹುದು. ನಂಬುವ ಶಕ್ತಿ ಅವನಲ್ಲಿ ಅಂದು ಇರಲೇ ಇಲ್ಲವೇನೋ. ಆದರೂ ಅವನು ವಾಸಿಯಾಗಿ ಎದ್ದು ನಡೆದ.

ನನಗೂ ಅಂಥ ದಿನಗಳಿವೆ. ಬಾಯಿಗೆ ಪ್ರಾರ್ಥನೆ ಬರುವುದಿಲ್ಲ. 88ನೇ ಕೀರ್ತನೆ ಒಂದನ್ನು ಬಿಟ್ಟರೆ ಬೇರೆ ಯಾವುದೂ ರುಚಿಸುವುದಿಲ್ಲ. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಸ್ತುತಿಯ ಕಡೆಗೆ ತಿರುಗುವುದಿಲ್ಲ. ಅದನ್ನೂ ಸತ್ಯವೇದದಲ್ಲಿ ಉಳಿಸಿಕೊಂಡವರ ಧೈರ್ಯಕ್ಕೆ ನಾನು ಋಣಿ. ಅಂಥ ದಿನಗಳಲ್ಲಿ ಹಾಡಿನ ಉಳಿದರ್ಧ ಸಾಲಿನ ಹಾಗೆ ನಂಬಿಕೆಯನ್ನೂ ಪಕ್ಕದವರು ಮುಗಿಸಿಕೊಡುತ್ತಾರೆ ಎಂದುಕೊಂಡಿದ್ದೇನೆ. ಮೊದಮೊದಲು ಇದು ನಾಚಿಕೆ ಅನಿಸುತ್ತಿತ್ತು. ಈಗ ಇಲ್ಲ.

ಹಾಗಂತ ಹೊರುವವರನ್ನು ದೇವದೂತರು ಮಾಡಿಬಿಡುವುದು ನನಗೆ ಹಿಡಿಸದು. 'ನಿಮ್ಮಮ್ಮ ದೇವದೂತೆ ಕಣಮ್ಮ' ಎಂದು ಇವತ್ತೂ ಒಬ್ಬರು ಹೇಳಿದರು. ದೇವದೂತರಿಗೆ ಸೊಂಟನೋವು ಬರುವುದಿಲ್ಲ. ಅಮ್ಮನಿಗೆ ಬರುತ್ತದೆ. ದೇವದೂತರು ನಿದ್ದೆ ಮಾಡುವುದಿಲ್ಲ, ಅಮ್ಮನಿಗೆ ನಿದ್ದೆ ಬೇಕು. ರಾತ್ರಿ ಎರಡು ಗಂಟೆಗೊಮ್ಮೆ ನನ್ನ ಮಗ್ಗುಲು ಬದಲಿಸಬೇಕು. ಬೆನ್ನಿನ ಕೆಳಗಿನ ತ್ರಿಕಾಸ್ಥಿ, ಸೊಂಟದ ಮೂಳೆ, ಹಿಮ್ಮಡಿ, ಇಂಥ ಕಡೆ ಚರ್ಮ ಮೂಳೆಗೂ ಹಾಸಿಗೆಗೂ ನಡುವೆ ಸಿಕ್ಕಿಕೊಂಡು ರಕ್ತ ಓಡುವುದು ನಿಂತರೆ ಮಾಂಸ ಸಾಯಲು ಶುರುವಾಗುತ್ತದೆ. ಉಳಿದವರು ನಿದ್ದೆಯಲ್ಲೇ ಹೊರಳಿಕೊಳ್ಳುತ್ತಾರೆ. ನನ್ನ ಪರವಾಗಿ ಯಾರೋ ಎದ್ದು ಹೊರಳಿಸಬೇಕು. ಹನ್ನೊಂದಕ್ಕೆ ಮತ್ತು ಒಂದಕ್ಕೆ ಅಮ್ಮ, ಮೂರಕ್ಕೆ ಮತ್ತು ಐದಕ್ಕೆ ಅಕ್ಕ. ಬೆಳಗಾದರೆ ಅಕ್ಕ ಕೆಲಸಕ್ಕೆ ಹೊರಡುತ್ತಾಳೆ. ದೇವದೂತೆ ಎಂದುಬಿಟ್ಟರೆ ಅವಳ ಮೂರು ಗಂಟೆಯ ಪಾಳಿಗೆ ಬದಲಿ ಹುಡುಕುವ ಹೊಣೆ ಯಾರಿಗೂ ಇರುವುದಿಲ್ಲ.

ಹನ್ನೊಂದನೇ ಶತಮಾನದ ಹರ್ಮನ್ ಎಂಬ ಸನ್ಯಾಸಿ ಆಗಾಗ ನೆನಪಾಗುತ್ತಾನೆ. 1013ರಲ್ಲಿ ಹುಟ್ಟಿ 1054ರಲ್ಲಿ ತೀರಿಕೊಂಡವನು, ಕಾನ್‌ಸ್ಟನ್ಸ್ ಸರೋವರದ ರೈಕೆನೌ ದ್ವೀಪದ ಮಠದಲ್ಲಿದ್ದವನು. ಚಿಕ್ಕಂದಿನಿಂದಲೂ ಕೈಕಾಲು ಸೆಟೆದುಕೊಂಡಿದ್ದವು, ಮಾತು ಅಸ್ಪಷ್ಟ. ಅಂಥವನು ಆಸ್ಟ್ರೊಲೇಬ್ ಎಂಬ ಖಗೋಳ ಉಪಕರಣದ ಬಗ್ಗೆ, ಸಂಗೀತದ ಬಗ್ಗೆ, ಗಣಿತದ ಬಗ್ಗೆ ಬರೆದ. ಕ್ರಿಸ್ತ ಹುಟ್ಟಿದಂದಿನಿಂದ ತನ್ನ ಕಾಲದವರೆಗಿನ ಚರಿತ್ರೆಯನ್ನು ವರ್ಷವಾರು ದಾಖಲಿಸಿದ. ಇಂಥ ಕಡೆ ಜನ ಅವನ ಸಾಧನೆ ಕೇಳಿ ಬೆರಗಾಗಿ ನನ್ನತ್ತ ನೋಡುತ್ತಾರೆ, ನಿನ್ನದೇನು ಎಂಬ ಹಾಗೆ. ನನ್ನ ಗಮನ ಹೋಗುವುದು ಇನ್ನೊಂದು ಕಡೆ. ಇಟ್ಟ ಜಾಗದಿಂದ ಸಹಾಯವಿಲ್ಲದೆ ಕದಲಲು, ಮಗ್ಗುಲು ಬದಲಿಸಲು ಕೂಡ ಅವನಿಗೆ ಆಗುತ್ತಿರಲಿಲ್ಲ ಎಂದು ಅವನ ಶಿಷ್ಯ ಬೆರ್ತೋಲ್ಡ್ ಬರೆದಿಟ್ಟಿದ್ದಾನೆ. ಅಂದಮೇಲೆ ಆ ಮಠದಲ್ಲಿ ನಡುರಾತ್ರಿ ಎದ್ದು ಅವನನ್ನು ಹೊರಳಿಸುತ್ತಿದ್ದವರು ಇದ್ದರು. ಒಬ್ಬಿಬ್ಬರಲ್ಲ, ಬಹಳ ಜನ ಇದ್ದಿರಬೇಕು. ಒಬ್ಬಿಬ್ಬರಿಂದ ಅಷ್ಟು ವರ್ಷ ಆಗುವ ಕೆಲಸವಲ್ಲ ಅದು. ಅಮ್ಮನನ್ನು ಕೇಳಿ ಬೇಕಾದರೆ.

ವಿಮೋಚನಕಾಂಡದಲ್ಲಿ, ಯುದ್ಧದ ಹೊತ್ತಿಗೆ ಮೇಲೆತ್ತಿ ಹಿಡಿದಿದ್ದ ಮೋಶೆಯ ಕೈ ಸೋತಾಗ ಅವನನ್ನು ಕಲ್ಲಿನ ಮೇಲೆ ಕೂರಿಸಿ, ಆಚೆ ಆರೋನ, ಈಚೆ ಹೂರ ನಿಂತು ಕೈಗಳನ್ನು ಎತ್ತಿ ಹಿಡಿದರು. ಅದೂ ಸೂರ್ಯಾಸ್ತದವರೆಗೆ. ಪಾಳಿ ಮುಗಿಯುವ ಹೊತ್ತು ಅಲ್ಲಿ ಸ್ಪಷ್ಟವಾಗಿದೆ!

ಇನ್ನು ಲೆಂಟಿನ ಉಪವಾಸ. ಈ ಸಲ ಏನು ಬಿಡುತ್ತೀ ಎಂದು ಗೆಳತಿಯೊಬ್ಬಳು ಕೇಳಿದಳು. ನೀರು ಬಿಡುವಂತಿಲ್ಲ, ಕಡಿಮೆ ಕುಡಿದರೆ ಮೂತ್ರದ ಸೋಂಕು, ಕಲ್ಲು. ಊಟದ ಹೊತ್ತು ತಪ್ಪಿಸಿದರೆ ಮಲವಿಸರ್ಜನೆಯ ಕ್ರಮ ತಪ್ಪುತ್ತದೆ, ಮತ್ತೆ ಆ ಡಿಸ್‌ರಿಫ್ಲೆಕ್ಸಿಯಾದ ಭಯ. ಮೊಣಕಾಲೂರುವುದು ಬಿಟ್ಟೇ ಎಷ್ಟೋ ಕಾಲವಾಯಿತು. ಮಧ್ಯಾಹ್ನವೆಲ್ಲ ಯೋಚಿಸಿ ಒಂದನ್ನು ಆರಿಸಿಕೊಂಡೆ. ಯಾರಾದರೂ 'ಏನಾದರೂ ಬೇಕಾ?' ಎಂದಾಗ ಥಟ್ಟನೆ ಬಾಯಿಗೆ ಬರುವ ಉತ್ತರವೊಂದಿದೆ: 'ಏನೂ ಬೇಡ, ಪ್ರಾರ್ಥನೆಯಲ್ಲಿ ನೆನಪಿಸಿಕೊಳ್ಳಿ, ಸಾಕು.' ಈಸ್ಟರಿನ ತನಕ ಆ ಉತ್ತರವನ್ನು ಬಿಟ್ಟೆ.

ಬಿಡುವುದು ಸುಲಭವಲ್ಲ. ಅದರಲ್ಲಿ ಭಕ್ತಿಯೂ ಇದೆ, ಮರ್ಯಾದೆಯೂ ಇದೆ, ಸ್ವಲ್ಪ ಬಿಂಕವೂ ಇದೆ. ಕುರುಡ ಬಾರ್ತಿಮಾಯನನ್ನು ಯೇಸು, 'ನಾನು ನಿನಗೆ ಏನು ಮಾಡಬೇಕೆಂದು ಕೋರುತ್ತೀ' ಎಂದು ಕೇಳಿದಾಗ ಅವನು 'ನಿಮ್ಮ ಚಿತ್ತ' ಎನ್ನಲಿಲ್ಲ. ಬೇಕಾದದ್ದನ್ನು ಹೆಸರಿಟ್ಟು ಹೇಳಿದ.

ಅಮ್ಮನಿಗೆ ಹೇಳಿದೆ. 'ಬೇಡ ಕಣೇ, ಜನ ಏನಂದುಕೊಳ್ಳಲ್ಲ' ಎಂದಳು. ಅಕ್ಕ, 'ಬರೀ ನೀನು, ನಾನು ಓದಿ ಹೇಳ್ತೀನಿ' ಎಂದಳು. ಅಕ್ಕನ ಕಣ್ಣ ಕೆಳಗಿನ ಕಪ್ಪು ನೋಡಿ ಅವಳ ಮಾತನ್ನೇ ಹಿಡಿದೆ. ಫೋನಿಗೆ ಬಾಯಲ್ಲಿ ಹೇಳಿ ಬರೆಸಿ, ಸಂಜೆ ಸಭೆಯ ಗುಂಪಿಗೆ ಕಳಿಸಿದ ಸಂದೇಶ ಇದು:

'ಶನಿವಾರ ರಾತ್ರಿಗಳಿಗೆ ನಾಲ್ವರು ಹೆಂಗಸರು ಬೇಕು, ವಾರಕ್ಕೆ ಒಬ್ಬರಂತೆ ಸರದಿ. ಹನ್ನೊಂದರಿಂದ ಐದರವರೆಗೆ ಎರಡು ಗಂಟೆಗೊಮ್ಮೆ ನನ್ನನ್ನು ಹೊರಳಿಸಬೇಕು. ಒಬ್ಬರೇ ಮಾಡಬಹುದು, ಕೆಳಗೆ ಹಾಸಿರುವ ಶೀಟು ಹಿಡಿದು ಎಳೆಯುವ ರೀತಿ ಅಕ್ಕ ಕಲಿಸುತ್ತಾಳೆ. ಹೊರಳಿಸಿದ ಮೇಲೆ ಮೂರು ಕಡೆ ನೋಡಬೇಕು: ಟ್ಯೂಬು ಮಡಚಿಲ್ಲ, ಹಿಮ್ಮಡಿ ಹಾಸಿಗೆಗೆ ಒತ್ತಿಲ್ಲ, ಬಟ್ಟೆ ಮಡಿಕೆಯಾಗಿಲ್ಲ. ಪ್ರಾರ್ಥನೆ ಮಾಡಬೇಕೆನಿಸಿದರೆ ಮಾಡಿ, ಮೊದಲು ನನ್ನನ್ನು ಕೇಳಿ. ನಾನು ನಿದ್ದೆಯಲ್ಲಿದ್ದರೆ ಮೆಲ್ಲಗೆ.'

ಅಕ್ಕ ಓದಿ, ಕೊನೆಯ ಎರಡು ವಾಕ್ಯ ತೆಗೆ ಎಂದಳು. ತೆಗೆಯಲಿಲ್ಲ.

ಹತ್ತು ಗಂಟೆಯವರೆಗೆ ಬಂದ ಉತ್ತರಗಳು: ಕೈಮುಗಿದ ಚಿತ್ರಗಳು ಬೇಕಾದಷ್ಟು. ಒಬ್ಬರು, 'ಪ್ರಾರ್ಥಿಸಿ ತಿಳಿಸುತ್ತೇನೆ' ಎಂದಿದ್ದಾರೆ. ಇನ್ನೊಬ್ಬರು ರಾತ್ರಿ ನರ್ಸ್ ಇಡುವುದು ಒಳ್ಳೆಯದಲ್ಲವೇ ಎಂದು ಸಲಹೆ ಕೊಟ್ಟಿದ್ದಾರೆ, ಅದರ ಖರ್ಚಿನ ವಿಷಯ ಎತ್ತಿಲ್ಲ. ವಾದ್ಯ ನುಡಿಸುವ ಹುಡುಗಿ, 'ಕಲಿಯೋಕೆ ಯಾವತ್ತು ಬರ್ಲಿ ಅಕ್ಕಾ?' ಎಂದಿದ್ದಾಳೆ. ಪಾಸ್ಟರಮ್ಮ ಫೋನ್ ಮಾಡಿ ತಮ್ಮ ಹೆಸರು ಬರೆಸಿದರು. ಜೊತೆಗೆ, ತಮಗೆ ಗೊರಕೆ ಹೊಡೆಯುವ ಅಭ್ಯಾಸವಿದೆ, ತೊಂದರೆಯಾದೀತೇ ಎಂದು ಕೇಳಿದರು. ಇಲ್ಲ ಎಂದೆ.

ಇಬ್ಬರಾದರು, ಇನ್ನಿಬ್ಬರು ಬೇಕು. ಪ್ರಾರ್ಥಿಸಿ ತಿಳಿಸುತ್ತೇನೆ ಎಂದವರಿಗೆ ಬುಧವಾರ ಮತ್ತೊಮ್ಮೆ ಕೇಳುವುದು ಎಂದು ಅಕ್ಕ ಫೋನಿನಲ್ಲಿ ಅಲಾರಂ ಇಟ್ಟಿದ್ದಾಳೆ.