‘ಒಂದು ರ‍್ಯಾಂಪ್ ಹಾಕಿಸಿದ್ರೆ ಸಾಕಲ್ವಾ?’

ಊರಲ್ಲಿ ಅಪ್ಪ-ಅಮ್ಮ ಇಬ್ಬರೇ. ಮನೆ ಕಟ್ಟಿಸಿ ಮೂವತ್ತು ವರ್ಷ ಆಯ್ತು. ಮಕ್ಕಳು ಬೆಂಗಳೂರಲ್ಲೋ ಡಲ್ಲಾಸಲ್ಲೋ ಇದ್ದಾರೆ. ಅಮ್ಮನ ಮಂಡಿ ಸವೆದು ಮನೆಗೆ ವಾಕರ್ ಬಂದಿದೆ, ನಾಳೆ ಗಾಲಿಕುರ್ಚಿ ಬಂದರೂ ಬರಬಹುದು. ಆಗ ಮಕ್ಕಳು ಮನೆ ವಿನ್ಯಾಸದ ಕೆಲಸ ಮಾಡುವ ನಮ್ಮಂಥವರಿಗೆ ಫೋನ್ ಮಾಡಿ ಕೇಳುವುದು ಇದೊಂದೇ: ‘ಮನೆ ಮುಂದೆ ಒಂದು ರ‍್ಯಾಂಪ್ ಹಾಕಿಸಿದ್ರೆ ಸಾಕಲ್ವಾ?’

ಸಾಲದು. ಆ ‘ಸಾಕಲ್ವಾ’ ಅನ್ನುವ ಮಾತೇ ನನಗೆ ಸೇರುವುದಿಲ್ಲ. ತೀರ್ಮಾನ ಮೊದಲೇ ಆಗಿರುತ್ತದೆ, ನಮ್ಮಿಂದ ‘ಹೂಂ’ ಅನ್ನಿಸಿಕೊಳ್ಳುವುದಷ್ಟೇ ಬಾಕಿ.

ಮೊದಲು ರ‍್ಯಾಂಪಿನ ಲೆಕ್ಕ ಮುಗಿಸಿಬಿಡೋಣ. 1 ಅಡಿ ಏರಬೇಕಾದರೆ 12 ಅಡಿ ಉದ್ದ ಬೇಕು. ನಮ್ಮ ಮನೆಗಳ ಪಾಯ ರಸ್ತೆಗಿಂತ ಸಾಮಾನ್ಯವಾಗಿ ಒಂದೂವರೆ ಅಡಿ ಮೇಲಿರುತ್ತದೆ. ಅಂದರೆ ರ‍್ಯಾಂಪ್ 18 ಅಡಿ, ಅದರ ಜೊತೆಗೆ ಬಾಗಿಲ ಮುಂದೆ ಕುರ್ಚಿ ತಿರುಗಿಸಲು 5 ಅಡಿ ಚೌಕದ ಸಮತಟ್ಟು. 30×40 ಸೈಟಿನಲ್ಲಿ ಗೇಟಿಂದ ಬಾಗಿಲಿಗೆ ಇರುವುದೇ ಐದಾರು ಅಡಿ. ಮೇಸ್ತ್ರಿ ಅಷ್ಟರಲ್ಲೇ ಹೊಂದಿಸಿಕೊಡುತ್ತಾನೆ. ಅದು ಬೈಕ್ ಹತ್ತಿಸುವ ಇಳಿಜಾರು. ಅದರಲ್ಲಿ ಗಾಲಿಕುರ್ಚಿ ಹತ್ತಿಸಿದರೆ ಹಿಂದಕ್ಕೆ ಮಗುಚುತ್ತದೆ, ಇಳಿಸುವಾಗ ತಳ್ಳುವವರ ಕೈ ಮೀರಿ ಓಡುತ್ತದೆ. ಮನೆಗೂ ಕಾಂಪೌಂಡಿಗೂ ನಡುವಿನ ಓಣಿ 4 ಅಡಿ ಅಗಲ ಇದ್ದರೆ ರ‍್ಯಾಂಪನ್ನು ಕಾಂಪೌಂಡ್ ಗುಂಟ ತಿರುಗಿಸಿ, ಹಿತ್ತಲ ಬಾಗಿಲಿಗೆ ಮುಟ್ಟಿಸಿ. ಜಾಗವೇ ಇಲ್ಲದಿದ್ದರೆ ಮೆಟ್ಟಿಲನ್ನೇ ಸರಿಮಾಡಿಸಿ: 6 ಇಂಚು ಎತ್ತರ, 12 ಇಂಚು ಅಗಲ, ಎರಡೂ ಕಡೆ ಹಿಡಿದುಕೊಳ್ಳಲು ಕಂಬಿ. ಮಂಡಿನೋವಿನವರಿಗೆ ಕಡಿದಾದ ರ‍್ಯಾಂಪಿಗಿಂತ ಇದು ಎಷ್ಟೋ ಮೇಲು. ಒಂದು ಎಚ್ಚರ: ಹಳೆ ನೆಲದ ಮೇಲೆ ಹೊಸ ಗ್ರಾನೈಟ್ ಹಾಸಿದರೆ ಕೆಳಗಿನ ಅಥವಾ ಕೊನೆಯ ಮೆಟ್ಟಿಲಿನ ಎತ್ತರ ಉಳಿದವಕ್ಕಿಂತ ಮುಕ್ಕಾಲು ಇಂಚು ಹೆಚ್ಚು ಕಡಿಮೆ ಆಗುತ್ತದೆ. ಕಾಲಿಗೆ ಅಭ್ಯಾಸವಾದ ಲೆಕ್ಕ ತಪ್ಪಿ, ಜನ ಎಡವುವುದೇ ಅಲ್ಲಿ.

ರ‍್ಯಾಂಪಿನ ಕಥೆ ಅಷ್ಟೇ. ಅಮ್ಮ ಗೇಟು ದಾಟುವುದು ವಾರಕ್ಕೆ ಎರಡು ಸಲ ಇರಬಹುದು. ಬಚ್ಚಲಿಗೆ ಹೋಗುವುದು ದಿನಕ್ಕೆ ಎಂಟು ಸಲ, ಅದರಲ್ಲಿ ಎರಡು ಸಲ ರಾತ್ರಿ, ನಿದ್ದೆಗಣ್ಣಲ್ಲಿ. ‘ರಾತ್ರಿ ಎರಡು ಗಂಟೆಗೆ ಅಮ್ಮ ಮಂಚದಿಂದ ಎದ್ದು ಕಮೋಡಿನ ತನಕ ಹೇಗೆ ಹೋಗ್ತಾರೆ?’ ಅಂತ ಒಬ್ಬರಾದರೂ ಕೇಳಬಾರದೇ? ಕೇಳಿದರೆ ಗಂಟೆಗಟ್ಟಲೆ ಕೂತು ಹೇಳುತ್ತೇನೆ.

ಟೇಪ್ ತಗೊಂಡು ಬಚ್ಚಲ ಬಾಗಿಲಿಗೆ ಬನ್ನಿ. ‘ಎರಡೂವರೆ ಅಡಿ ಬಾಗಿಲು’ ಅಂತ ಕಾಂಟ್ರಾಕ್ಟರ್ ಹೇಳಿದ್ದು ಚೌಕಟ್ಟಿನ ಹೊರ ಅಳತೆ. 30 ಇಂಚಿನಲ್ಲಿ ಎರಡು ಕಡೆಯ ಮರ ಎರಡೂವರೆ ಇಂಚಿನಂತೆ ಹೋದರೆ ಉಳಿಯುವುದು 25. ಬಾಗಿಲು ತೆರೆದಾಗ ಹಲಗೆಯ ದಪ್ಪ ಇನ್ನೊಂದು ಇಂಚು ನುಂಗುತ್ತದೆ. ಸಾಮಾನ್ಯ ಗಾಲಿಕುರ್ಚಿಯ ಅಗಲವೇ 25ರಿಂದ 26 ಇಂಚು. ನಿಮ್ಮ ರ‍್ಯಾಂಪ್ ಏರಿ ಬಂದ ಕುರ್ಚಿ ಇಲ್ಲಿ ನಿಂತುಬಿಡುತ್ತದೆ. ಚೌಕಟ್ಟು ಕಿತ್ತು, ಒಳಗೆ ಪೂರ್ತಿ 32 ಇಂಚು ಸಿಗುವ ಹಾಗೆ ಗೋಡೆ ಕೊರೆಯಬೇಕು. ಪಕ್ಕದಲ್ಲಿ ಪಿಲ್ಲರ್ ಇದೆಯೇ, ಮೇಲಿನ ಲಿಂಟಲ್ ಅಷ್ಟು ಅಗಲಕ್ಕೆ ಸಾಕೇ ಅಂತ ಮೊದಲೇ ನೋಡಿಕೊಳ್ಳಿ. ಬಾಗಿಲು ಹೊರಕ್ಕೆ ತೆರೆಯಬೇಕು. ಒಳಕ್ಕೆ ತೆರೆಯುವ ಬಾಗಿಲ ಹಿಂದೆ ಯಾರಾದರೂ ಬಿದ್ದರೆ ಅವರ ಮೈಯೇ ಬಾಗಿಲಿಗೆ ಅಡ್ಡ. ಚಿಲಕ ಹೊರಗಿನಿಂದಲೂ ತೆಗೆಯುವಂಥದ್ದಿರಲಿ.

ಕಮೋಡಿನ ಸೀಟು ನೆಲದಿಂದ 18 ಇಂಚು ಇದ್ದರೆ ಏಳುವುದು ಸುಲಭ. ಆದರೆ ಅಮ್ಮ ಗಿಡ್ಡ ಇದ್ದರೆ ಪಾದ ಪೂರ್ತಿ ನೆಲಕ್ಕೆ ತಾಕಬೇಕು, ಅವರ ಮಂಡಿ ಎತ್ತರ ನೋಡಿಯೇ ಕೊಳ್ಳಿ. ಹಳೇ ಇಂಡಿಯನ್ ಪಾಯಿಖಾನೆ ತೆಗೆದು ಕಮೋಡ್ ಕೂರಿಸುವವರು ಗೋಡೆಯಿಂದ ಪೈಪಿನ ಮಧ್ಯಕ್ಕೆ ಎಷ್ಟು ಇಂಚು ಅಂತ ಅಳೆಯದೆ ಅಂಗಡಿಗೆ ಹೋಗಬೇಡಿ. 4, 9, 12 ಇಂಚಿನವು ಸಿಗುತ್ತವೆ. ಅಳತೆ ತಪ್ಪಿದರೆ ಪ್ಲಂಬರ್ ಡೊಂಕು ಕನೆಕ್ಟರ್ ಹಾಕಿ ಸೇರಿಸುತ್ತಾನೆ, ಆಮೇಲೆ ಅಲ್ಲಿ ಪದೇ ಪದೇ ಕಟ್ಟಿಕೊಳ್ಳುತ್ತದೆ.

ಇನ್ನು ಹೊಸ್ತಿಲು. ‘ಕಿತ್ತು ಹಾಕಿ’ ಅನ್ನುವುದು ಸುಲಭ. ದಿನಾ ಬೆಳಿಗ್ಗೆ ನೀರು ಹಾಕಿ, ಅರಿಸಿನ ಕುಂಕುಮ ಹಚ್ಚಿ, ರಂಗೋಲಿ ಎಳೆ ಬಿಡುವ ಅಮ್ಮನ ಎದುರು ಹಾಗೆ ಹೇಳುವವರು ಈ ಕೆಲಸಕ್ಕೆ ಬರಬಾರದು. ತಲೆಬಾಗಿಲ ಹೊಸ್ತಿಲು ಇರಲಿ. ಅದು 2 ಇಂಚು ಎತ್ತರ ಇದ್ದರೆ ಎರಡೂ ಕಡೆ 2 ಅಡಿ ಉದ್ದದ ಮರದ ಇಳಿಜಾರು ಹಲಗೆ ಮಾಡಿಸಿ, ಬೇಕಾದಾಗ ಇಟ್ಟು ತೆಗೆಯಬಹುದು. ಹೊಸದಾಗಿ ಕಟ್ಟುವವರು ಹೊಸ್ತಿಲ ಮರವನ್ನು ನೆಲದ ಮಟ್ಟಕ್ಕೆ ಕೂರಿಸಿದರೂ ಪೂಜೆಗೆ ಏನೂ ಅಡ್ಡಿಯಿಲ್ಲ. ಒಳಗಿನ ಕೋಣೆಗಳ ಹೊಸ್ತಿಲ ಪಟ್ಟಿಗಳನ್ನು ಮಾತ್ರ ದಯವಿಟ್ಟು ತೆಗೆಸಿ, ಅವುಗಳಿಗೆ ಯಾರೂ ಪೂಜೆ ಮಾಡುವುದಿಲ್ಲ, ಎಡವುತ್ತಾರೆ ಅಷ್ಟೆ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ, ಅದರ ಬೆನ್ನಿಗೆ 2021ರಲ್ಲಿ ಬಂದ ಕೇಂದ್ರದ ಮಾರ್ಗಸೂಚಿ, ಎರಡೂ ಕಟ್ಟಡಗಳ ವಿಷಯದಲ್ಲಿ ಮುಖ್ಯವಾಗಿ ನೋಡುವುದು ಸಾರ್ವಜನಿಕ ಕಟ್ಟಡಗಳನ್ನು. ನಿಮ್ಮ ಮನೆಯ ಬಚ್ಚಲು ನೋಡಲು ಯಾವ ಇನ್ಸ್‌ಪೆಕ್ಟರೂ ಬರುವುದಿಲ್ಲ. ನೀವೇ ನೋಡಬೇಕು.

ಕೊನೆಗೆ ಹಿಡಿದುಕೊಳ್ಳುವ ಕಂಬಿ. ಟವೆಲ್ ರಾಡ್ ಕಂಬಿಯಲ್ಲ, ಆದರೆ ಜಾರುವಾಗ ಕೈ ಅದನ್ನೇ ಹಿಡಿಯುತ್ತದೆ, ಅದು ಕಿತ್ತು ಬರುತ್ತದೆ. ಆದ್ದರಿಂದ ಕಮೋಡಿನ ಹತ್ತಿರ ಟವೆಲ್ ರಾಡೇ ಬೇಡ. ಒಂದೂವರೆ ಇಂಚು ದಪ್ಪದ ಸ್ಟೀಲ್ ಕಂಬಿ, ಗೋಡೆಗೂ ಅದಕ್ಕೂ ನಡುವೆ ಬೆರಳು ತೂರುವಷ್ಟು, ಅಂದರೆ ಒಂದೂವರೆಯಿಂದ ಎರಡು ಇಂಚು ಸಂದು. ಟೊಳ್ಳು ಬ್ಲಾಕಿನ ಗೋಡೆಯಲ್ಲಿ ಪ್ಲಾಸ್ಟಿಕ್ ಪ್ಲಗ್ ನಿಲ್ಲುವುದಿಲ್ಲ. ಬೋಲ್ಟನ್ನು ಗೋಡೆಯ ಆಚೆ ಬದಿಗೆ ತೂರಿಸಿ, ಅಲ್ಲಿ ಸ್ಟೀಲ್ ಪ್ಲೇಟ್ ಕೊಟ್ಟು ಬಿಗಿಸಬೇಕು. ಹಾಕಿದ ಮಾರನೇ ದಿನ ಮನೆಯಲ್ಲಿ ಎಲ್ಲರಿಗಿಂತ ದಪ್ಪಗಿರುವವರು ಎರಡೂ ಕೈಯಲ್ಲಿ ಹಿಡಿದು ಪೂರ್ತಿ ಭಾರ ಬಿಟ್ಟು ಎಳೆಯಲಿ. ಕೂದಲೆಳೆಯಷ್ಟು ಅಲುಗಾಡಿದರೂ ಮೇಸ್ತ್ರಿಯ ಬಾಕಿ ಹಣ ಕೊಡಬೇಡಿ.