ಲಿನಕ್ಸಿಗೆ ಡಯಲ್-ಅಪ್ ಮೋಡೆಮ್: ಮೊದಲು ‘ಓಕೆ’ ಬರಲಿ, ಪಿಪಿಪಿ ಆಮೇಲೆ

ದೂರದ ಸೈಟಿನಲ್ಲಿ ಮುಖ್ಯ ಲಿಂಕ್ ಬಿದ್ದಾಗ ರೂಟರ್ ಕನ್ಸೋಲ್ (ಅದನ್ನು ನೇರವಾಗಿ ನಿಯಂತ್ರಿಸುವ ಪೋರ್ಟ್) ಹಿಡಿಯಲು, ಕಚೇರಿಯೊಳಗಿನ ಹಳೆಯ ಫೋನ್ ಎಕ್ಸ್‌ಚೇಂಜ್ ಆದ ಇಪಿಎಬಿಎಕ್ಸ್‌ಗೆ ಪ್ರೋಗ್ರಾಂ ಹಾಕಲು ಇವತ್ತಿಗೂ ಡಯಲ್-ಅಪ್ ಬೇಕಾಗುತ್ತದೆ. ಈ ಕೆಲಸದಲ್ಲಿ ಪದೇಪದೇ ಕಾಣುವುದು ಒಂದೇ: ಕೆಟ್ಟಿರುವುದು ಮೋಡೆಮ್ ಅಥವಾ ಲೈನು, ಜನ ತಿದ್ದುತ್ತ ಕೂರುವುದು ಪಿಪಿಪಿ (ಫೋನ್ ಲೈನಿನ ಮೇಲೆ ಐಪಿ ಸಂಪರ್ಕ ಕಟ್ಟುವ ಪ್ರೋಟೋಕಾಲ್) ಫೈಲು.

ಸಾಫ್ಟ್‌ಮೋಡೆಮ್ ಕೊಳ್ಳಲೇಬೇಡಿ. ಹಳೆಯ ಪಿಸಿಐ ಕಾರ್ಡುಗಳು, ಲ್ಯಾಪ್‌ಟಾಪಿನೊಳಗಿನವು ಬಹುಪಾಲು ಇದೇ ಜಾತಿ. ಸಿಗ್ನಲ್ ಕೆಲಸವನ್ನು ಸಿಪಿಯು ಮೇಲೆ ಹಾಕುತ್ತವೆ, ಅವುಗಳ ಡ್ರೈವರ್ ಹಳೆಯ ಕರ್ನಲ್‌ಗಳಲ್ಲೇ ಉಳಿದಿದೆ. ಹೊರಗೆ ಇಡುವ ಸೀರಿಯಲ್ ಮೋಡೆಮ್ ಒಳ್ಳೆಯದು. ಯುಎಸ್‌ಬಿ ಆದರೆ ಸಿಡಿಸಿ-ಎಸಿಎಂ (ಯುಎಸ್‌ಬಿ ಮೋಡೆಮಿನ ಪ್ರಮಾಣಿತ ರೂಪ) ಬಗೆಯದಿರಲಿ; ಚುಚ್ಚಿದ ಕೂಡಲೇ ಕರ್ನಲ್ ಸಂದೇಶ ತೋರಿಸುವ ಡಿಮೆಸೇಜ್‌ನಲ್ಲಿ ಟಿಟಿವೈಎಸಿಎಂ0 ಎಂದು ಬರುತ್ತದೆ. ಕಾಮ್1 ಪೋರ್ಟಿನ ಹೆಸರು ಟಿಟಿವೈಎಸ್0. (ಕಮಾಂಡುಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ.)

ಡೆಬಿಯನ್, ಉಬುಂಟುಗಳಲ್ಲಿ ಬಳಕೆದಾರನನ್ನು ಸೀರಿಯಲ್ ಪೋರ್ಟ್ ಬಳಸಲು ಅನುಮತಿಯಿರುವ ಡಯಲೌಟ್ ಗುಂಪಿಗೆ ಸೇರಿಸಿ, ಲಾಗೌಟ್ ಆಗಿ ಮತ್ತೆ ಬನ್ನಿ. ಮೋಡೆಮ್‌ಮ್ಯಾನೇಜರ್ ಸರ್ವಿಸನ್ನು ನಿಲ್ಲಿಸಿ. ಅದು ತಾನೇ ಪೋರ್ಟ್ ತೆರೆದು ಎಟಿ (ಮೋಡೆಮಿಗೆ ಕೊಡುವ ಕಮಾಂಡುಗಳ ಮೊದಲ ಅಕ್ಷರಗಳು) ಕಳಿಸಿ ನೋಡುತ್ತದೆ. ‘ಡಿವೈಸ್ ಬಿಜಿ’ ಎಂಬ ತಕರಾರಿಗೆ ಎಷ್ಟೋ ಸಲ ಅದೇ ಕಾರಣ.

ಈಗ ಮಿನಿಕಾಮ್, ಅಂದರೆ ಪೋರ್ಟಿನೊಂದಿಗೆ ನೇರ ಮಾತಾಡುವ ಟರ್ಮಿನಲ್ ಪ್ರೋಗ್ರಾಂ. ವೇಗ 115200, 8ಎನ್1 (8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್), ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆನ್, ಸಾಫ್ಟ್‌ವೇರ್ ಫ್ಲೋ ಕಂಟ್ರೋಲ್ ಆಫ್. ಎಟಿ ಎಂದು ಒತ್ತಿದರೆ ಓಕೆ ಬರಬೇಕು. ಬರಲಿಲ್ಲವೇ? ಮುಂದೆ ಹೋಗಬೇಡಿ. ಸೀರಿಯಲ್ ಆದರೆ ಮೊದಲು ಕೇಬಲ್ ನೋಡಿ: ಮೋಡೆಮಿಗೆ ನೇರ ಕೇಬಲ್ ಬೇಕು, ಎರಡು ಕಂಪ್ಯೂಟರ್ ಜೋಡಿಸಲು ತಂತಿ ಅದಲುಬದಲಾಗಿರುವ ನಲ್-ಮೋಡೆಮ್ ಕೇಬಲ್ ಹಾಕಿದರೆ ಮೌನವೇ ಗತಿ. ಓಕೆ ಬಂದಮೇಲೆ ಎಟಿ&ಎಫ್ ಕೊಟ್ಟು ಫ್ಯಾಕ್ಟರಿ ಸೆಟ್ಟಿಂಗಿಗೆ ತನ್ನಿ.

ಹೆಚ್ಚು ಹೊತ್ತು ತಿನ್ನುವುದು ಲೈನು. ಫೋನೆತ್ತಿದರೆ ಡಯಲ್ ಟೋನ್ ಚೆನ್ನಾಗಿ ಕೇಳುತ್ತದೆ, ಮೋಡೆಮ್ ಮಾತ್ರ ‘ನೋ ಡಯಲ್‌ಟೋನ್’ ಎನ್ನುತ್ತದೆ. ಭಾರತದ ಡಯಲ್ ಟೋನ್ 25 ಹರ್ಟ್ಸ್‌ನಿಂದ ಏರಿಳಿಸಿದ 400 ಹರ್ಟ್ಸ್; ಅಮೆರಿಕದ್ದು 350 ಮತ್ತು 440 ಹರ್ಟ್ಸ್ ಸೇರಿದ್ದು. ಅಲ್ಲಿನ ಮಾರುಕಟ್ಟೆಗೆ ಸಿದ್ಧವಾದ ಮೋಡೆಮಿಗೆ ನಮ್ಮ ಟೋನ್ ಗುರುತು ಸಿಗದಿದ್ದರೆ ಆಶ್ಚರ್ಯವಿಲ್ಲ. ಎಟಿಎಕ್ಸ್3 ಕೊಡಿ. ಆಗ ಟೋನಿಗೆ ಕಾಯದೆ ಡಯಲ್ ಮಾಡುತ್ತದೆ, ಬಿಜಿ ಟೋನನ್ನು ಮಾತ್ರ ಗಮನಿಸುತ್ತದೆ. ಇಪಿಎಬಿಎಕ್ಸ್ ಹಿಂದಿದ್ದರೆ ಹೊರಗಿನ ಲೈನಿಗೆ ಸೊನ್ನೆ, ನಂತರ ಅಲ್ಪವಿರಾಮ, ಆಮೇಲೆ ನಂಬರು; ಒಂದು ಅಲ್ಪವಿರಾಮಕ್ಕೆ ಸಾಮಾನ್ಯವಾಗಿ 2 ಸೆಕೆಂಡ್ ತಡೆ. ಅದೇ ತಂತಿಯಲ್ಲಿ ಎಡಿಎಸ್‌ಎಲ್ ಬ್ರಾಡ್‌ಬ್ಯಾಂಡ್ ಇದ್ದರೆ ಮೋಡೆಮನ್ನು ಧ್ವನಿ-ಡೇಟಾ ಬೇರ್ಪಡಿಸುವ ಸ್ಪ್ಲಿಟರಿನ ಫೋನ್ ಕಡೆಗೇ ಚುಚ್ಚಿ. ಪ್ಯಾರಲಲ್ ಫೋನನ್ನು ಕಿತ್ತುಬಿಡಿ.

ಫೈಬರ್ ಪೆಟ್ಟಿಗೆಯ ಫೋನ್ ಜಾಕಿಗೆ ಸಿಕ್ಕಿಸಿ 56ಕೆ ವೇಗಕ್ಕೆ ಆಸೆಪಡುವುದು ವ್ಯರ್ಥ. ಅಲ್ಲಿ ಧ್ವನಿ ಐಪಿ ಪ್ಯಾಕೆಟ್ಟುಗಳಲ್ಲಿ ಹೋಗುತ್ತದೆ; ಜಿಟ್ಟರ್ (ಪ್ಯಾಕೆಟ್ ತಲುಪುವ ಸಮಯದ ಏರುಪೇರು) ಮತ್ತು ಕಂಪ್ರೆಷನ್ನಿಗೆ ಮೋಡೆಮಿನ ಸದ್ದು ಹಾಳಾಗುತ್ತದೆ. ಎಟಿ+ಎಂಎಸ್=ವಿ32 ಕೊಟ್ಟು ವೇಗ ಇಳಿಸಿ ನೋಡಿ. ಯುಎಸ್ ರೋಬೋಟಿಕ್ಸ್ ಕೊರಿಯರ್ ಮೋಡೆಮ್ ಆದರೆ ಎಟಿ&ಎನ್6, ಅಂದರೆ ಸೆಕೆಂಡಿಗೆ 9600 ಬಿಟ್. ಕನ್ಸೋಲ್ ನೋಡಲು ಅಷ್ಟು ಧಾರಾಳ ಸಾಕು.

ಕನೆಕ್ಟ್ ಎಂದು ಬಂದಮೇಲಷ್ಟೇ ಪಿಪಿಪಿ. ಡಬ್ಲ್ಯೂವಿಡಯಲ್‌ಕಾನ್ಫ್ ಓಡಿಸಿದರೆ, ಡಯಲ್ ಮಾಡಿ ಪಿಪಿಪಿ ಶುರುಮಾಡುವ ಡಬ್ಲ್ಯೂವಿಡಯಲ್ ಪ್ರೋಗ್ರಾಮಿನ ಫೈಲನ್ನು ಅದೇ ಬರೆಯುತ್ತದೆ. ನಂಬರು, ಹೆಸರು, ಪಾಸ್‌ವರ್ಡ್ ತುಂಬಿ, ಎಕ್ಸ್3 ಅನ್ನು ಇನಿಟ್ (ಡಯಲಿಗೆ ಮುನ್ನ ಮೋಡೆಮಿಗೆ ಹೋಗುವ ಕಮಾಂಡು) ಸಾಲಿಗೆ ಸೇರಿಸಿ. ಲಾಗಿನಲ್ಲಿ ‘ಸೀರಿಯಲ್ ಲೈನ್ ಈಸ್ ಲೂಪ್ಡ್ ಬ್ಯಾಕ್’ ಕಂಡರೆ ಲೈನ್ ಕೆಟ್ಟಿದೆ ಎಂದುಕೊಳ್ಳಬೇಡಿ. ಆ ಕಡೆಯ ಯಂತ್ರ ಇನ್ನೂ ಲಾಗಿನ್ ಕೇಳುತ್ತಿದೆ, ನಾವು ಕಳಿಸಿದ್ದನ್ನೇ ತಿರುಗಿಸಿ ಕಳಿಸುತ್ತಿದೆ. ಲಾಗಿನ್ನಿಗೆ ಕಾಯದೆ ಪಿಪಿಪಿ ಶುರುಮಾಡುವ ಸ್ಟುಪಿಡ್ ಮೋಡ್ ಆನ್ ಇದ್ದರೆ ಆಫ್ ಮಾಡಿ, ಮೊದಲು ಲಾಗಿನ್ ಮುಗಿಯಲಿ.

ಐಪಿ ಸಿಕ್ಕರೂ ಪಿಂಗ್ ಹೋಗದಿದ್ದರೆ ‘ನಾಟ್ ರಿಪ್ಲೇಸಿಂಗ್ ಎಕ್ಸಿಸ್ಟಿಂಗ್ ಡಿಫಾಲ್ಟ್ ರೂಟ್’ ಸಾಲನ್ನು ಲಾಗಿನಲ್ಲಿ ಹುಡುಕಿ. ಈಥರ್ನೆಟ್‌ನ ಹಳೆಯ ಗೇಟ್‌ವೇ (ಹೊರಹೋಗುವ ದಾರಿ) ಕುಳಿತಿರುತ್ತದೆ, ಅದನ್ನು ತೆಗೆದು ಮತ್ತೆ ಡಯಲ್ ಮಾಡಿ. 8.8.8.8ಕ್ಕೆ ಪಿಂಗ್ ಹೋಗಿ ಸೈಟಿನ ಹೆಸರು ಮಾತ್ರ ಸಿಗದಿದ್ದರೆ ಅದು ಹೆಸರನ್ನು ಐಪಿಗೆ ಬದಲಿಸುವ ಡಿಎನ್‌ಎಸ್ ತೊಂದರೆ. ಆ ಕಡೆಯವರು ಕೊಡುವ ಡಿಎನ್‌ಎಸ್ ಬಳಸುವ ಯೂಸ್‌ಪಿಯರ್‌ಡಿಎನ್‌ಎಸ್ ಆಯ್ಕೆ ಬಿಟ್ಟುಹೋಗಿರಬಹುದು.